ಹಲ್ಲಿನ ಕಲೆಗೆ ವಿನಿಯರ್: ಹಾಕಿಸುವ ಮುನ್ನ ತಿಳಿದುಕೊಳ್ಳಿ

“ಹೆಣ್ಣು ನೋಡಲು ಬರುವವರಿದ್ದಾರೆ, ಮಗಳ ಹಲ್ಲು ಬೇಗ ಬೆಳ್ಳಗಾಗಬೇಕು” ಎಂದು ತಂದೆ-ತಾಯಂದಿರು ಕೇಳುವುದುಂಟು. ಅವಸರದಲ್ಲಿ ನಿರ್ಧರಿಸಬೇಡಿ. ಮೊದಲು ಕಲೆಯ ಕಾರಣ ತಿಳಿಯಿರಿ.

ಕಲೆ ಏಕೆ ಬರುತ್ತದೆ?
ವಿಜಯಪುರ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಸುಮಾರು 8 ವರ್ಷದೊಳಗೆ, ಹಲ್ಲು ದವಡೆಯೊಳಗೆ ಬೆಳೆಯುವಾಗ, ಮಗು ಇಂಥ ನೀರು ಕುಡಿದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆ ಅಥವಾ ಕಂದು ಕಲೆ ಮೂಡುತ್ತದೆ. ಇದು ಉಜ್ಜಿದರೆ ಹೋಗದು. ಬೂದಿ, ಇದ್ದಿಲು, ಇಟ್ಟಿಗೆ ಪುಡಿಯಿಂದ ತಿಕ್ಕಿದರೆ ಹಲ್ಲು ಸವೆಯುತ್ತದೆ. ದೊಡ್ಡವರಾದ ಮೇಲೆ ಹೊಸದಾಗಿ ಬಂದ ಕಲೆಗೆ ತಂಬಾಕು, ಗುಟ್ಕಾ, ಚಹಾ ಕಾರಣವಿರಬಹುದು. ಅದನ್ನು ಸ್ವಚ್ಛಗೊಳಿಸಿದರೆ ಸಾಕಾಗಬಹುದು.

ವಿನಿಯರ್ ಎಂದರೇನು?
ಹಲ್ಲಿನ ಮುಂಭಾಗಕ್ಕೆ ಅಂಟಿಸುವ, ಹಲ್ಲಿನ ಬಣ್ಣದ ತೆಳು ಹೊದಿಕೆ. ಪಿಂಗಾಣಿಯ ವಿನಿಯರ್‌ಗಾಗಿ ಸಾಮಾನ್ಯವಾಗಿ ಹಲ್ಲಿನ ಮೇಲ್ಪದರವನ್ನು ಸುಮಾರು ಅರ್ಧ ಮಿ.ಮೀ. ತೆಗೆದು, ಅಳತೆ ಪಡೆದು, ಮುಂದಿನ ಭೇಟಿಯಲ್ಲಿ ಅಂಟಿಸುತ್ತಾರೆ. ಚೆನ್ನಾಗಿ ನೋಡಿಕೊಂಡರೆ 10 ವರ್ಷ ಅಥವಾ ಹೆಚ್ಚು ಬಾಳುತ್ತದೆ. ಕಾಂಪೋಸಿಟ್ ವಿನಿಯರ್ ಸಾಮಾನ್ಯವಾಗಿ ಒಂದೇ ಭೇಟಿಯಲ್ಲಿ ಮುಗಿಯುತ್ತದೆ, ಖರ್ಚು ಕಡಿಮೆ. ಆದರೆ ಬೇಗ ಬಣ್ಣಗೆಡುತ್ತದೆ.

ನೆನಪಿಡಿ: ತೆಗೆದ ಮೇಲ್ಪದರ ಮತ್ತೆ ಬೆಳೆಯುವುದಿಲ್ಲ. ಒಮ್ಮೆ ಹಾಗೆ ಹಾಕಿಸಿದರೆ ಜೀವನಪೂರ್ತಿ ಹೊದಿಕೆ ಬದಲಿಸುತ್ತಲೇ ಇರಬೇಕು.

ಯಾರು ತಡೆಯಬೇಕು?
• 18 ವರ್ಷದೊಳಗಿನವರು
• ಹುಳುಕು ಹಲ್ಲು ಅಥವಾ ಒಸಡಿನಿಂದ ರಕ್ತ ಬರುವವರು (ಮೊದಲು ಅದರ ಚಿಕಿತ್ಸೆ)
• ನಿದ್ದೆಯಲ್ಲಿ ಹಲ್ಲು ಕಡಿಯುವವರು
• ತಂಬಾಕು, ಗುಟ್ಕಾ ಬಿಡದವರು

ಕಲೆ ತೆಳುವಾಗಿದ್ದರೆ, ಮೇಲ್ಮೈಯನ್ನು ಅತಿ ತೆಳುವಾಗಿ ಉಜ್ಜಿ ಕಲೆ ತಿಳಿಯಾಗಿಸುವ ಅಥವಾ ಬಿಳುಪುಗೊಳಿಸುವ ಚಿಕಿತ್ಸೆ ಸಾಕಾಗಬಹುದು. “ನನಗೆ ಇದಕ್ಕಿಂತ ಸರಳ ಉಪಾಯವಿದೆಯೇ? ಎಷ್ಟು ಹಲ್ಲು ಕೊರೆಯಬೇಕು? ಒಡೆದರೆ ಖರ್ಚೆಷ್ಟು?” ಎಂದು ದಂತ ವೈದ್ಯರನ್ನು ತಪ್ಪದೆ ಕೇಳಿ. ದಂತ ವೈದ್ಯರಲ್ಲದವರ ಕೈಯಲ್ಲಿ ಮಾಡಿಸಬೇಡಿ.

ಹಾಕಿಸಿದ ಮೇಲೆ
ಕಡಕ್ ರೊಟ್ಟಿಯನ್ನು ಕೈಯಿಂದ ಮುರಿದು, ಸಾರಿನಲ್ಲಿ ನೆನೆಸಿ ತಿನ್ನಿ. ಕಬ್ಬನ್ನು ಮುಂದಿನ ಹಲ್ಲಿನಿಂದ ಸಿಗಿಯಬೇಡಿ. ದಿನಕ್ಕೆರಡು ಸಲ ಮೃದು ಬ್ರಷ್‌ನಿಂದ ಉಜ್ಜಿ. 6 ತಿಂಗಳಿಗೊಮ್ಮೆ ತಪಾಸಣೆ ಮಾಡಿಸಿ. ಹೊದಿಕೆ ಅಲುಗಾಡಿದರೆ ಮನೆಯಲ್ಲಿ ಅಂಟಿಸಿಕೊಳ್ಳದೆ ಬನ್ನಿ.

ಮಕ್ಕಳ ಹಲ್ಲು ಉಳಿಸಿ
ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿ.ಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿ.ಗ್ರಾಂ ಕೊನೆಯ ಮಿತಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನಿಮ್ಮ ಬೋರ್‌ವೆಲ್ ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಇಂದು ಮಗುವಿಗೆ ಒಳ್ಳೆಯ ನೀರು ಕೊಟ್ಟರೆ, ನಾಳೆ ಅದಕ್ಕೆ ವಿನಿಯರ್‌ನ ಅಗತ್ಯವೇ ಬಾರದಿರಬಹುದು.