ಗುದಬಿರುಕು: ಸಂಕೋಚ ಬಿಡೋಣ, ಆರೈಕೆ ಮಾಡೋಣ

ಕೆಲವು ರೋಗಗಳನ್ನು ನಾವು ನಾಲ್ಕು ಜನರ ನಡುವೆ ಹೇಳಿಕೊಳ್ಳುತ್ತೇವೆ. ಕೆಲವನ್ನು ಮನೆಯವರಿಂದಲೂ ಮರೆಮಾಚುತ್ತೇವೆ. ವೈದ್ಯರು ‘ಫಿಶರ್’ ಎಂದು ಕರೆಯುವ ಗುದಬಿರುಕು ಎರಡನೆಯ ಬಗೆಯದು. ಆಯುರ್ವೇದವು ಇದನ್ನು ‘ಪರಿಕರ್ತಿಕಾ’ ಎಂದಿದೆ. ಸುತ್ತಲೂ ಕತ್ತರಿಸಿದಂತಹ ನೋವು ಎಂಬುದು ಆ ಹೆಸರಿನ ಭಾವ. ಅನುಭವಿಸಿದವರಿಗೆ ಬೇರೆ ವಿವರಣೆ ಬೇಕಾಗದು.

ಗಟ್ಟಿಯಾದ ಮಲವು ಹೊರಬರುವಾಗ ಗುದದ್ವಾರದ ಮೃದುವಾದ ಒಳಪದರ ಸೀಳುವುದೇ ಈ ತೊಂದರೆಗೆ ಮುಖ್ಯ ಕಾರಣ. ಪದೇ ಪದೇ ಆಗುವ ಭೇದಿ ಹಾಗೂ ಹೆರಿಗೆಯಿಂದಲೂ ಇದು ಬರಬಹುದು. ಮಲವಿಸರ್ಜನೆಯ ವೇಳೆ ತೀವ್ರ ನೋವು, ಬಳಿಕ ಕೆಲವು ಗಂಟೆಗಳ ಉರಿ, ತಿಳಿಗೆಂಪು ರಕ್ತದ ಗೆರೆ ಇದರ ಲಕ್ಷಣಗಳು. ನಾವು ಇದನ್ನೂ ‘ಮೂಲವ್ಯಾಧಿ’ ಎಂದೇ ಭಾವಿಸುವುದುಂಟು. ಒಳಮೂಲವ್ಯಾಧಿಯಲ್ಲಿ ರಕ್ತ ಹೋದರೂ ಸಾಮಾನ್ಯವಾಗಿ ಇಷ್ಟು ನೋವಿರುವುದಿಲ್ಲ.

ನೋವಿನ ಸುಳಿ

ನೋವಾದಾಗ ಗುದದ್ವಾರದ ಸ್ನಾಯು ಬಿಗಿದುಕೊಳ್ಳುತ್ತದೆ. ಬಿಗಿತದಿಂದ ಗಾಯಕ್ಕೆ ರಕ್ತ ಸಂಚಾರ ಕಡಿಮೆಯಾಗಿ, ಅದು ಬೇಗ ಮಾಯುವುದಿಲ್ಲ. ನೋವಿಗೆ ಹೆದರಿ ನಾವು ಶೌಚವನ್ನು ಮುಂದೂಡುತ್ತೇವೆ. ಕೆಲವರು ಊಟವನ್ನೇ ಕಡಿಮೆ ಮಾಡುತ್ತಾರೆ. ಆಗ ಮಲ ಇನ್ನಷ್ಟು ಗಟ್ಟಿಯಾಗಿ ಅದೇ ಗಾಯವನ್ನು ಮತ್ತೆ ಸೀಳುತ್ತದೆ. ಈ ಸುಳಿಯನ್ನು ಮುರಿಯುವುದೇ ಚಿಕಿತ್ಸೆಯ ಮೂಲ. ಮಲವು ಮೃದುವಾಗಬೇಕು, ಸ್ನಾಯು ಸಡಿಲಗೊಳ್ಳಬೇಕು.

ಆಹಾರ

ವಯಸ್ಕರಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ನಾರಿನಂಶ ಬೇಕು. ಇದಕ್ಕೆ ದುಬಾರಿ ಪದಾರ್ಥಗಳು ಬೇಕಿಲ್ಲ. ಜೋಳದ ರೊಟ್ಟಿ ಅಥವಾ ರಾಗಿ ಮುದ್ದೆ, ಹೆಸರುಕಾಳಿನ ಪಲ್ಯ, ಮೆಂತ್ಯ, ಪಾಲಕ್ ಮುಂತಾದ ಸೊಪ್ಪು, ಸೌತೆಕಾಯಿ, ಪಪ್ಪಾಯಿ, ನೆನೆಸಿದ ಅಂಜೂರ ಅಥವಾ ಒಣದ್ರಾಕ್ಷಿ ಸಾಕು. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ವಾರ-ಹತ್ತು ದಿನಗಳಲ್ಲಿ ಕ್ರಮೇಣ ಹೆಚ್ಚಿಸೋಣ.

ನಾರಿನೊಡನೆ ನೀರೂ ಬೇಕು. ದಿನಕ್ಕೆ ಎಂಟು-ಹತ್ತು ಲೋಟ ನೀರು, ಮಜ್ಜಿಗೆ ಹಿತಕರ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ನೀರಿನ ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು. ಊಟದಿಂದ ಸಾಲದಿದ್ದರೆ ಎರಡು ಚಮಚ ಇಸಬ್‌ಗೋಲನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬಹುದು. ಕೆಂಪುಖಾರ, ಎಣ್ಣೆಯಲ್ಲಿ ಕರಿದ ತಿಂಡಿ, ಮೈದಾ ಪದಾರ್ಥಗಳನ್ನು ಗಾಯ ಮಾಯುವವರೆಗೆ ಬದಿಗಿಡೋಣ.

ಮನೆಯ ಆರೈಕೆ

ಅಗಲವಾದ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ, ಸೊಂಟದ ಕೆಳಭಾಗ ಮುಳುಗುವಂತೆ 10ರಿಂದ 15 ನಿಮಿಷ ಕುಳಿತುಕೊಳ್ಳಬೇಕು. ಶೌಚದ ನಂತರ ಒಮ್ಮೆ, ಮಲಗುವ ಮುನ್ನ ಒಮ್ಮೆ ಹೀಗೆ ಮಾಡಿದರೆ ಬಿಗಿದ ಸ್ನಾಯು ಸಡಿಲಗೊಂಡು ನೋವು ಶಮನವಾಗುತ್ತದೆ. ನೀರಿಗೆ ಯಾವ ಔಷಧಿಯನ್ನೂ ಬೆರೆಸಬೇಕಿಲ್ಲ. ಮಧುಮೇಹಿಗಳು ನೀರಿನ ಬಿಸಿಯನ್ನು ಬೇರೆಯವರಿಂದ ಪರೀಕ್ಷಿಸಿಕೊಳ್ಳುವುದು ಕ್ಷೇಮ. ಬಳಿಕ ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಗಾಯಕ್ಕೆ ಸಾಬೂನು ತಾಗಬಾರದು.

ಒತ್ತಡ ಬಂದಾಗ ಶೌಚವನ್ನು ತಡೆಯಬಾರದು, ಬಾರದಿದ್ದಾಗ ಮುಕ್ಕರಿಯಬಾರದು. ಮೊಬೈಲ್ ಹಿಡಿದು ಶೌಚಾಲಯದಲ್ಲಿ ಬಹಳ ಹೊತ್ತು ಕೂರುವ ರೂಢಿ ಹಾನಿಕರ. ಕಮೋಡ್ ಬಳಸುವವರು ಪಾದಗಳ ಕೆಳಗೆ ಚಿಕ್ಕ ಮಣೆ ಇಟ್ಟುಕೊಂಡರೆ ಸುಲಭವಾಗುತ್ತದೆ. ಕಬ್ಬಿಣಾಂಶದ ಮಾತ್ರೆಗಳಿಂದಲೂ ಮಲಬದ್ಧತೆ ಉಂಟಾಗಬಹುದು. ಅವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ವೈದ್ಯರನ್ನು ಯಾವಾಗ ಕಾಣಬೇಕು?

ಹೊಸ ಬಿರುಕುಗಳಲ್ಲಿ ಹೆಚ್ಚಿನವು ಈ ಕ್ರಮದಿಂದ ಕೆಲವು ವಾರಗಳಲ್ಲಿ ಮಾಯುತ್ತವೆ. ಆರು ವಾರ ಕಳೆದರೂ ಮಾಯದಿದ್ದರೆ ಸ್ನಾಯುವನ್ನು ಸಡಿಲಿಸುವ ಮುಲಾಮು ಅಥವಾ ಚಿಕ್ಕ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಜ್ವರ, ಕೀವು, ಬಾವು, ಕಪ್ಪು ಮಲ, ಮಲದೊಳಗೆ ಬೆರೆತ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡಬಾರದು. ರಕ್ತಸ್ರಾವಕ್ಕೆ ಬೇರೆ ಗಂಭೀರ ಕಾರಣಗಳೂ ಇರಬಹುದಾದ್ದರಿಂದ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದೇ ವಿವೇಕ. ಗರ್ಭಿಣಿಯರು, ಬಾಣಂತಿಯರು ಮತ್ತು ಮಕ್ಕಳ ವಿಷಯದಲ್ಲಿ ಮೊದಲೇ ವೈದ್ಯರ ಸಲಹೆ ಪಡೆಯಬೇಕು. ‘ಒಂದೇ ದಿನದಲ್ಲಿ ಗುಣ’ ಎಂಬ ಗೋಡೆಬರಹಗಳಿಗೆ ಮರುಳಾಗಿ ಸುಡುವ ಔಷಧಿ ಹಚ್ಚಿಸಿಕೊಳ್ಳುವುದು ಅಪಾಯಕರ.

ಗಾಯ ಮಾಯ್ದ ಮೇಲೂ ಈ ಆಹಾರಕ್ರಮವನ್ನು ಬಿಡದಿರೋಣ. ಮಲಬದ್ಧತೆ ಮರಳಿದರೆ ಬಿರುಕೂ ಮರಳುತ್ತದೆ. ಮನೆಯ ಹಿರಿಯರಾಗಲಿ ಸೊಸೆಯಾಗಲಿ ಊಟ ಬಿಟ್ಟು, ಕೂರಲಾರದೆ ಮೌನವಾಗಿ ನೋಯುತ್ತಿದ್ದರೆ, ನಾವಾಗಿಯೇ ಮೆಲ್ಲನೆ ಕೇಳೋಣ. ಈ ರೋಗದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.