ಬೇಸಗೆಯ ನೆಗಡಿಯೂ ಮೂಗು ಸೋರದ ಜ್ವರವೂ

ಶಿವರಾತ್ರಿ ಕಳೆದು ಮುಂಗಾರಿನ ಮೊದಲ ಮಳೆ ಬೀಳುವವರೆಗಿನ ದಿನಗಳಲ್ಲಿ ನಮ್ಮ ಮಲೆನಾಡಿನ ಮನೆಗಳಲ್ಲಿ ಯಾರಿಗೆ ಮೈ ಬಿಸಿಯಾದರೂ, ಗಂಟಲು ಕೆರೆದರೂ, ತಲೆ ಸಿಡಿದರೂ, ಅದೆಲ್ಲವೂ ಉಷ್ಣಕ್ಕೆ ಆದ ಶೀತವೆಂದು ತೀರ್ಮಾನಿಸಿ, ಕೊತ್ತಂಬರಿ ಜೀರಿಗೆಯ ಕಷಾಯವನ್ನು ಕಾಸಿಕೊಟ್ಟು, ಎರಡು ದಿನ ನೋಡೋಣವೆಂದು ಸುಮ್ಮನಾಗುವುದು ವಾಡಿಕೆ. ಕಷಾಯಕ್ಕೆ ನನ್ನ ಆಕ್ಷೇಪಣೆ ಏನೂ ಇಲ್ಲ. ಬಿಸಿಯಾದ ಪಾನೀಯವು ನೆಗಡಿಯ ಗಂಟಲಿಗೆ ಹಿತವನ್ನೇ ಮಾಡುತ್ತದೆ. ಆದರೆ ಏನನ್ನು ಗಮನಿಸಬೇಕೆಂಬುದನ್ನು ಅರಿಯದೆ ಕಾಯುತ್ತ ಕೂರುವುದು ನಮ್ಮ ಸೀಮೆಯಲ್ಲಿ ಅಪಾಯಕರವಾದದ್ದು. ಸಾಗರದ ಕಡೆಯ ಹಳ್ಳಿಯ ಶಾಲೆಯಲ್ಲಿ ಬಹುಕಾಲ ಉಪಾಧ್ಯಾಯನಾಗಿದ್ದು, ಬಿಡುವಿನ ವೇಳೆಯಲ್ಲಿ ತೋಟವನ್ನು ನೋಡಿಕೊಂಡಿದ್ದ ನನಗೆ ಅನುಭವವು ಕಲಿಸಿದ್ದು ಇಷ್ಟು: ಬೇಸಗೆಯಲ್ಲಿ ಜ್ವರ ಬಂದವನ ಮೂಗು ಧಾರಾಳವಾಗಿ ಸೋರುತ್ತಿದ್ದರೆ ಅರ್ಧ ಭಯ ಕಳೆಯಿತೆನ್ನಬಹುದು, ಮೂಗು ಒಣಗಿದ್ದು ಜ್ವರ ಮಾತ್ರ ಥಟ್ಟನೆ ಏರಿದ್ದರೆ ಮನೆಯಲ್ಲಿ ಕೂರತಕ್ಕದ್ದಲ್ಲ.

ನೆಗಡಿಗೆ ತನ್ನದೇ ಆದ ಒಂದು ಕ್ರಮವುಂಟು. ಮೊದಲು ಗಂಟಲಿನಲ್ಲಿ ಕೆರೆತ, ಅದರ ಬೆನ್ನಿಗೇ ಸೀನು, ನೀರಿನಂತೆ ಇಳಿಯುವ ಮೂಗು. ಎರಡು ಮೂರು ದಿನಗಳಲ್ಲಿ ಆ ನೀರು ಗಟ್ಟಿಯಾಗಿ ಹಳದಿಗೋ ಹಸಿರಿಗೋ ತಿರುಗಿ, ಕೆಮ್ಮು ಸ್ವಲ್ಪ ಹಿಂದುಳಿದು, ವಾರ ಹತ್ತು ದಿನಗಳೊಳಗೆ ಎಲ್ಲವೂ ತಾನಾಗಿ ಅಡಗುತ್ತದೆ. ದೊಡ್ಡವರಿಗೆ ಜ್ವರ ಬಂದರೂ ಅಲ್ಪವೇ; ಮಕ್ಕಳಿಗೆ ಕೆಲವೊಮ್ಮೆ ಹೆಚ್ಚಾಗಿಯೇ ಬರುವುದುಂಟು, ಜೊತೆಗೆ ಹೊಟ್ಟೆಯೂ ಕೆಡುವುದುಂಟು. ಮಾರ್ಚಿಯ ಪರೀಕ್ಷೆಯ ವೇಳೆಗೆ ಒಂದು ಬೆಂಚಿನಲ್ಲಿ ಆರಂಭವಾದ ಸೀನು ವಾರ ಕಳೆಯುವುದರೊಳಗಾಗಿ ಇಡೀ ತರಗತಿಯನ್ನು ಸುತ್ತಿ ಬರುತ್ತಿತ್ತು. ಅಂಗಿಯ ತೋಳಿನಲ್ಲಿ ಮೂಗೊರೆಸಿಕೊಳ್ಳುತ್ತಲೇ ಆ ಹುಡುಗರು ವಿರಾಮದಲ್ಲಿ ಗೇರುಮರದ ಕೆಳಗೆ ಓಡುತ್ತಿದ್ದರು. ಗೇರುಹಣ್ಣಿನ ಒಗರು ಗಂಟಲನ್ನು ಕೆರೆಯುವುದು ನಿಜವೇ ಆದರೂ ಅದು ನೆಗಡಿಯನ್ನು ತರುವುದಿಲ್ಲವೆಂದು ಎಷ್ಟೋ ತಾಯಂದಿರಿಗೆ ನಾನು ಹೇಳಬೇಕಾಗಿ ಬಂದಿದೆ. ಸಿಂಬಳದ ಬಣ್ಣ ಬದಲಾದ ಮಾತ್ರಕ್ಕೆ ಔಷಧದಂಗಡಿಗೆ ಹೋಗಿ ಆಂಟಿಬಯೋಟಿಕ್ಕನ್ನು ಕೇಳುವವರಿಗೂ ಇದೇ ಬಗೆಯ ಮಾತನ್ನು ಹೇಳಬೇಕು: ನೆಗಡಿಯು ವೈರಸ್ಸಿನದು, ಅದರ ಮೇಲೆ ಆ ಮಾತ್ರೆಗೆ ಅಧಿಕಾರವಿಲ್ಲ. ಇನ್ನು 2020ರಿಂದೀಚೆಗೆ ಕೋವಿಡ್ಡೂ ಇದೇ ವೇಷದಲ್ಲಿ ಬರುವುದರಿಂದ, ಮನೆಯಲ್ಲಿ ವೃದ್ಧರಿದ್ದಲ್ಲಿ ಪರೀಕ್ಷೆ ಮಾಡಿಸುವುದೇ ಯುಕ್ತ.

ಜ್ವರದ ಸುಳಿವೇ ಇಲ್ಲದೆ, ಬೆಳಗ್ಗೆ ಎದ್ದೊಡನೆ ಸಾಲುಸಾಲಾಗಿ ಸೀನು ಬಂದು, ಮೂಗಿನಿಂದ ತಿಳಿನೀರೇ ಇಳಿದು, ಕಣ್ಣೂ ಮೂಗೂ ತುರಿಸುತ್ತ ವಾರಗಟ್ಟಲೆ ಮುಂದುವರಿಯುವುದು ನೆಗಡಿಯಲ್ಲ, ಅಲರ್ಜಿ. ನನ್ನ ತಂಗಿಗೆ ಅಟ್ಟದ ಧೂಳನ್ನು ಕೊಡವಿದ ಮರುದಿನ ತಪ್ಪದೆ ಇದು ಬರುತ್ತಿತ್ತು. ಧೂಳಿನಿಂದ ದೂರವಿದ್ದರೆ ಇಲ್ಲವೇ ಇಲ್ಲ. ತುರಿಕೆಯೇ ಇದರ ಮುಖ್ಯವಾದ ಗುರುತು.

ನನ್ನ ಕಳಕಳಿಯೆಲ್ಲವೂ ಇರುವುದು ಮೂರನೆಯದರಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತುಬೀಳುತ್ತಿದ್ದಾಗ, ಮನುಷ್ಯರಿಗೂ ಬಂದ ಜ್ವರದ ಮೂಲದಲ್ಲಿ ಹೊಸದೊಂದು ವೈರಸ್ಸಿದೆಯೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪತ್ತೆಹಚ್ಚಿದರು. ಜನ ಇದನ್ನು ಮಂಗನ ಕಾಯಿಲೆಯೆಂದು ಕರೆದರೂ ನಮಗೆ ಅದನ್ನು ತಗಲಿಸುವುದು ಉಣುಗಿನ ಕಡಿತ. ಒಬ್ಬರಿಂದೊಬ್ಬರಿಗೆ ಇದು ಹರಡುವುದಿಲ್ಲ. ಮರಿ ಉಣುಗುಗಳು ಹೆಚ್ಚುವುದು ಒಣಹವೆಯ ತಿಂಗಳುಗಳಲ್ಲಿ. ಕೊಟ್ಟಿಗೆಗೆ ಹಾಸಲು ದರಗು ತರುವುದಕ್ಕೆಂದು ಜನ ಸೊಪ್ಪಿನ ಬೆಟ್ಟವನ್ನು ಹೊಗುವುದೂ ಅದೇ ತಿಂಗಳುಗಳಲ್ಲಿ.

ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬರು ಒಂದು ಸಂಜೆ ಜಗಲಿಯ ಅಂಚಿನಲ್ಲಿ ಎರಡು ಕೈಗಳಿಂದ ತಲೆಯನ್ನು ಹಿಡಿದುಕೊಂಡು ಕುಳಿತರು.

“ಮೇಷ್ಟ್ರೇ, ಶೀತಜ್ವರ ಅಂತ ಕಾಣ್ತದೆ, ಒಂದು ಮಾತ್ರೆ ಇದ್ರೆ ಕೊಡಿ.”

“ಮೂಗು ಸೋರ್ತದಾ? ಕೆಮ್ಮು?”

“ಅದೆಂತದೂ ಇಲ್ಲ. ಮಧ್ಯಾಹ್ನ ಊಟ ಮಾಡಿದವಳು ಸರಿ ಇದ್ದೆ. ಈಗ ಸೊಂಟ, ಮೀನಖಂಡ ಎಲ್ಲ ಮುರಿದು ಹಾಕಿದ ಹಾಗೆ ಆಗ್ತದೆ.”

ದೀಪವನ್ನು ಹತ್ತಿರಕ್ಕೆ ತಂದು ನೋಡಿದೆನು; ಕಣ್ಣುಗಳೆರಡೂ ಕೆಂಪಗಾಗಿದ್ದವು. ದರಗು ಗುಡಿಸಲು ಹೋಗಿದ್ದಿರಾ ಎಂದು ಕೇಳಿದುದಕ್ಕೆ, ಹಿಂದಿನ ವಾರವಷ್ಟೇ ಹೋಗಿದ್ದುದಾಗಿಯೂ, ಅಲ್ಲೆಲ್ಲೋ ಮಂಗ ಸತ್ತ ನಾತ ಬರುತ್ತಿದ್ದುದಾಗಿಯೂ ಹೇಳಿದರು. ಸೀರೆಯ ಅಂಚನ್ನು ಸ್ವಲ್ಪ ಸರಿಸಿ ಅವರು ತೋರಿದ ಹರಡಿನ ಮೇಲೆ, ಉಣುಗು ಕಚ್ಚಿದ ಎಳ್ಳುಕಾಳಿನಷ್ಟು ಗಾತ್ರದ ಕಲೆಗಳು ಇನ್ನೂ ಮಾಸಿರಲಿಲ್ಲ. ಕಡಿತಕ್ಕೂ ಜ್ವರಕ್ಕೂ ನಡುವೆ ಸಾಧಾರಣವಾಗಿ ಮೂರರಿಂದ ಎಂಟು ದಿನಗಳ ಅಂತರವಿರುವುದರಿಂದ ಸಂದೇಹಕ್ಕೆ ಆಸ್ಪದ ಉಳಿಯಲಿಲ್ಲ. ಆ ರಾತ್ರಿಯೇ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ರಕ್ತಪರೀಕ್ಷೆಯಿಂದ ಅದು ಮಂಗನ ಕಾಯಿಲೆಯೇ ಎಂಬುದು ಸ್ಥಿರಪಟ್ಟಿತು. ಈ ವೈರಸ್ಸನ್ನೇ ಕೊಲ್ಲುವ ಮದ್ದು ಇಲ್ಲದಿರುವುದರಿಂದ, ದೇಹದಲ್ಲಿ ನೀರಿನ ಅಂಶ ಕುಗ್ಗದಂತೆ, ರಕ್ತಸ್ರಾವ ಮೇಲ್ಮೀರದಂತೆ ಕಾಯುವುದೇ ಚಿಕಿತ್ಸೆ; ಒಂದು ದಿನ ಒಸಡಿನಲ್ಲಿ ರಕ್ತ ಒಸರಿದಾಗ ವೈದ್ಯರು ಪಕ್ಕದಲ್ಲಿಯೇ ಇದ್ದುದು ಎಷ್ಟು ದೊಡ್ಡ ಆಸರೆಯಾಯಿತೆಂಬುದನ್ನು ಬರೆದು ತಿಳಿಸಲಾರೆನು. ಮನೆಗೆ ಮರಳಿದ ಮೇಲೆ, ಜ್ವರ ಬಿಟ್ಟಿತೆಂದು ಎಲ್ಲರೂ ನಿರಾಳವಾಗಿದ್ದ ಹೊತ್ತಿನಲ್ಲಿ, ಅದು ಮತ್ತೆ ಮರುಕಳಿಸಿ, ತಲೆನೋವೂ ತಲೆಸುತ್ತೂ ಜೊತೆಗೂಡಿದವು. ಕೆಲವರಲ್ಲಿ ಒಂದೆರಡು ವಾರಗಳ ಬಿಡುವಿನ ನಂತರ ಹೀಗೆ ನರಗಳನ್ನು ಹಿಡಿಯುವ ಎರಡನೆಯ ಸುತ್ತು ಬರುವುದುಂಟೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರಾಗಿ ಪುನಃ ಓಡಿದೆವು. ಅವರು ಗುಣಮುಖರಾದರು, ಕೊಡ ಹೊರುವ ಶಕ್ತಿ ಬರಲು ಮಾತ್ರ ಮಳೆಗಾಲವೇ ಬರಬೇಕಾಯಿತು.

ಪೇಟೆಯಲ್ಲಿರುವವರಿಗೆ ಉಣುಗಿನ ಸ್ಥಾನದಲ್ಲಿ ಹಗಲು ಕಚ್ಚುವ ಸೊಳ್ಳೆಯಿದೆ. ಡೆಂಗಿಯ ಜ್ವರವೂ ಸಾಮಾನ್ಯವಾಗಿ ಮೂಗನ್ನು ಮುಟ್ಟದೆ ಒಮ್ಮೆಲೇ ಏರುತ್ತದೆ. ಕಣ್ಣುಗುಡ್ಡೆಯ ಹಿಂದೆ ನೋವು, ಕೀಲುಗಳಲ್ಲಿ ನೋವು. ಇದರಲ್ಲಿ ಜ್ವರ ಇಳಿಯುವ ದಿನವೇ ಕಠಿನವಾದ ದಿನ: ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನ ರಕ್ತ, ಅತಿಯಾದ ಸುಸ್ತು ಕಂಡರೆ ತಡಮಾಡಕೂಡದು. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ನುಂಗುವುದು ಈ ಎರಡು ಕಾಯಿಲೆಗಳಲ್ಲಿಯೂ ರಕ್ತಸ್ರಾವಕ್ಕೆ ದಾರಿಮಾಡುವುದರಿಂದ, ಬೇಸಗೆಯ ಜ್ವರಕ್ಕೆ ಪ್ಯಾರಸಿಟಮಾಲಿನ ಹೊರತು ಬೇರೊಂದನ್ನು ಯಾರ ಕೈಗೂ ನಾನು ಕೊಡುವುದಿಲ್ಲ.

ಮಂಗನ ಕಾಯಿಲೆಗೆ ಹಿಂದೆ ಹಾಕುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ಕೊಡದೆ ನಿಂತುಹೋಗಿರುವುದರಿಂದ, ಬೆಟ್ಟಕ್ಕೆ ಹೋಗುವವರು ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಂಡು ಹೋಗಿ, ಮರಳಿ ಬಂದೊಡನೆ ಬಿಸಿನೀರಿನಲ್ಲಿ ಮಿಂದು, ಉಟ್ಟ ಬಟ್ಟೆಯನ್ನು ಒಗೆಯಬೇಕು. ಅಷ್ಟಾಗಿಯೂ ಜ್ವರ ಬಂದರೆ, ವೈದ್ಯರು ಕೇಳಲಿ ಬಿಡಲಿ, ದರಗಿಗೆ ಹೋದುದನ್ನೂ ಮಂಗ ಸತ್ತುದನ್ನೂ ಅವರಿಗೆ ಮೊದಲು ಹೇಳಿ, ತಲೆನೋವನ್ನು ಆಮೇಲೆ ಹೇಳಬೇಕು.