ಎರವಲು ಕೈಗಳ ಕಚೇರಿ

ಬ್ಯಾಂಕಿನಿಂದ ಡೆಪ್ಯುಟೇಶನ್ ಮೇಲೆ ಹೋಗಿ ಕಂಪನಿ ವಂಚನೆಯ ಕಡತಗಳಲ್ಲಿ ಕೆಲವು ವರ್ಷ ಮುಳುಗಿದ್ದವನು ನಾನು. ಯಾವ ಕಚೇರಿ ಎಂಬುದು ಬೇಡ. ಇಂಥದ್ದೊಂದು ಸಂಸ್ಥೆಯನ್ನು ಹೊಸದಾಗಿ ಕಟ್ಟುವವರು ಸಲಹೆ ಕೇಳಿದರೆ ನಾನು ಮೊದಲು ಕುರ್ಚಿಗಳ ಮಾತೆತ್ತುತ್ತೇನೆ: ಯಾರು ಕೂರುತ್ತಾರೆ, ಎಷ್ಟು ದಿನ ಕೂರುತ್ತಾರೆ?

1. ಕೇಸು ಮೊದಲು ಬರುತ್ತದೆ, ಅಧಿಕಾರ ಆಮೇಲೆ. ನರೇಶ್ ಚಂದ್ರ ಸಮಿತಿಯ ಶಿಫಾರಸಿನ ಮೇಲೆ 2003ರಲ್ಲಿ ಗಂಭೀರ ವಂಚನೆ ತನಿಖಾ ಕಚೇರಿ (ಎಸ್‌ಎಫ್‌ಐಒ) ಹುಟ್ಟಿದ್ದು ಬರೀ ಸರ್ಕಾರಿ ನಿರ್ಣಯದಿಂದ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರು ಲೆಕ್ಕ ತಿದ್ದಿದ್ದನ್ನು ಒಪ್ಪಿಕೊಂಡ ಪತ್ರ ಹೊರಬಿದ್ದಾಗಲೂ ಈ ಕಚೇರಿಯ ಕೈಯಲ್ಲಿದ್ದದ್ದು 1956ರ ಕಂಪನಿ ಕಾಯ್ದೆಯ ಹಳೆಯ ಇನ್‌ಸ್ಪೆಕ್ಟರ್ ಅಧಿಕಾರವೇ. ಶಾಸನದ ನೆಲೆ ಕೊಟ್ಟದ್ದು 2013ರ ಕಾಯ್ದೆಯ 211ನೇ ಸೆಕ್ಷನ್. ಬಂಧಿಸುವ ಅಧಿಕಾರ ಜಾರಿಗೆ ಬಂದದ್ದು 2017ರ ಆಗಸ್ಟ್‌ನಲ್ಲಿ. ಹುಟ್ಟಿನಿಂದ ಹದಿನಾಲ್ಕು ವರ್ಷ! ಆದ್ದರಿಂದ ಮೊದಲ ತಂಡಕ್ಕೆ ಲಾಠಿಯ ನೆನಪಿರುವವರಿಗಿಂತ ಲೆಡ್ಜರ್ ಓದುವ ತಾಳ್ಮೆಯುಳ್ಳವರು ಬೇಕು.

2. ಎರವಲು ಕೈಗಳನ್ನು ನಂಬಿ, ಆದರೆ ಪೂರ್ತಿ ಅಲ್ಲ. 211ನೇ ಸೆಕ್ಷನ್ ಓದಿದರೆ ಮದುವೆ ಊಟದ ಎಲೆ ನೆನಪಾಗುತ್ತದೆ: ಬ್ಯಾಂಕಿಂಗ್, ತೆರಿಗೆ, ಫೊರೆನ್ಸಿಕ್ ಆಡಿಟ್, ಬಂಡವಾಳ ಮಾರುಕಟ್ಟೆ, ಐಟಿ, ಕಾನೂನು, ಎಲ್ಲದರ ಪರಿಣತರೂ ಎಲೆಯ ಮೇಲಿದ್ದಾರೆ. ಆದರೆ ಒಂದೇ ಬ್ಯಾಲೆನ್ಸ್ ಶೀಟಿನಲ್ಲಿ ತೆರಿಗೆಯವರಿಗೆ ಮುಚ್ಚಿಟ್ಟ ಆದಾಯ ಕಾಣುತ್ತದೆ, ಪೊಲೀಸರಿಗೆ ಆರೋಪಿ, ನನ್ನಂಥ ಬ್ಯಾಂಕಿನವನಿಗೆ ಮುಳುಗಿದ ಸಾಲ. ಒಬ್ಬರ ಭಾಷೆ ಇನ್ನೊಬ್ಬರ ಕಿವಿಗೆ ಒಗ್ಗುವಷ್ಟರಲ್ಲಿ ನಮ್ಮ ತಂಡದಲ್ಲಿ ಒಂದು ವರ್ಷ ಕಳೆದಿತ್ತು. ಒಗ್ಗಿದ ಮೇಲೆ ಅವಧಿ ಮುಗಿಯಿತು, ಮಾತೃ ಇಲಾಖೆಯ ಬಡ್ತಿ ಪಟ್ಟಿ ಕರೆಯಿತು, ಅರ್ಧ ಕೇಸು ಅಧಿಕಾರಿಯ ತಲೆಯಲ್ಲೇ ಊರಿಗೆ ಹೊರಟಿತು. ನಮ್ಮ ಗೋಪ್ಯ ವರದಿ (ಸಿ.ಆರ್.) ಬರೆಯುವವರು ಎಲ್ಲಿದ್ದಾರೋ ನಿಷ್ಠೆಯೂ ಅಲ್ಲೇ ಇರುತ್ತದೆ. ಅದನ್ನು ತಪ್ಪೆನ್ನಲಾರೆ, ನಾನೂ ಹಾಗೇ ಇದ್ದೆ. ಅರ್ಧದಷ್ಟಾದರೂ ಕಾಯಂ ಹುದ್ದೆ ಇರಲಿ. ಎರವಲು ಬಂದವರು ಸೇರಿದ ವಾರದಿಂದಲೇ ಹಸ್ತಾಂತರದ ಟಿಪ್ಪಣಿ ಬರೆಯತೊಡಗಲಿ.

3. ಮೊದಲ ನೇಮಕ ದಾಖಲೆ ಪಾಲಕರದ್ದು. ನಾವು ತನಿಖಾಧಿಕಾರಿಗಳನ್ನು ಆರಿಸಿ, ವಾಹನ ಗೊತ್ತುಮಾಡಿ, ಹೊರಟೇಬಿಟ್ಟೆವು. ಒಂದು ಕಾರ್ಖಾನೆಯ ಲೆಕ್ಕದ ಕೋಣೆಯಲ್ಲಿ ಹಾರ್ಡ್ ಡಿಸ್ಕ್ ಸಿಕ್ಕಿತು. ಮಹಜರು ಬರೆದೆವು, ಪಂಚರು ಸಹಿ ಹಾಕಿದರು, ಅರಗಿನ ಮುದ್ರೆಯೂ ಬಿತ್ತು. ಡಿಸ್ಕಿನ ದತ್ತಾಂಶಕ್ಕೆ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನು ಬರೆದುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಕೇಳಿದ್ದು ಒಂದೇ: ‘ಅಂದು ಒಯ್ದ ಡಿಸ್ಕೂ ಇಂದು ತೋರಿಸುತ್ತಿರುವುದೂ ಒಂದೇ ಎನ್ನಲು ಏನಿದೆ?’ ನಾನು ಅರಗನ್ನು ತೋರಿಸಿದೆ. ಅವರು ನಕ್ಕರು. ಈಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದ ನಮೂನೆಯೇ ಹ್ಯಾಶ್ ಕೇಳುತ್ತದೆ. ನಮಗೆ ಆಗ ಕೇಳುವವರು ಇರಲಿಲ್ಲ.

4. ಹೇಳಿಕೆ ಪಡೆಯುವುದನ್ನು ಕಲಿಸಿ. ಇದಕ್ಕೆ ಐರ್ಲೆಂಡಿನ ಕಥೆ ಸಾಕು. 2001ರಲ್ಲಿ ಡಬ್ಲಿನ್‌ನಲ್ಲಿ ಕಾರ್ಪೊರೇಟ್ ಕಾನೂನು ಜಾರಿಗೆಂದೇ ನಿರ್ದೇಶಕರ ಕಚೇರಿ ಶುರುವಾಯಿತು. ಆಂಗ್ಲೋ ಐರಿಷ್ ಬ್ಯಾಂಕಿನ ಮಾಜಿ ಅಧ್ಯಕ್ಷರ ವಿರುದ್ಧ ಅದು ತನಿಖೆ ನಡೆಸಿದ ಪ್ರಕರಣದ ವಿಚಾರಣೆ 126 ದಿನ ಎಳೆದು, 2017ರ ಮೇ ತಿಂಗಳಲ್ಲಿ ನ್ಯಾಯಾಧೀಶರ ನಿರ್ದೇಶನದಂತೆ ಖುಲಾಸೆಯಲ್ಲಿ ನಿಂತಿತು. ಲೆಕ್ಕಪರಿಶೋಧಕ ಸಾಕ್ಷಿಗಳ ಹೇಳಿಕೆಗಳು ಅವರ ವಕೀಲರ ಕೈದಾಟಿ ತಿದ್ದಿ ತೀಡಿ ತಯಾರಾಗಿದ್ದವು. ತನಿಖೆಯ ಹೊಣೆ ಹೊತ್ತಿದ್ದ ಕಚೇರಿಯ ವಕೀಲರಿಗೆ ಇಂಥ ಕೆಲಸದ ಅನುಭವವಿರಲಿಲ್ಲ, ಸಾಲದ್ದಕ್ಕೆ ಕೆಲವು ಕಾಗದಗಳನ್ನು ಅವರು ಚೂರು ಮಾಡಿದ್ದರು. 2022ರ ಜುಲೈನಲ್ಲಿ ಆ ಕಚೇರಿಯ ಜಾಗಕ್ಕೆ ಹೆಚ್ಚು ಸ್ವಾಯತ್ತವಾದ ಪ್ರಾಧಿಕಾರ ಬಂತು. ಬುದ್ಧಿವಂತ ವಕೀಲನಾದ ಮಾತ್ರಕ್ಕೆ ಹೇಳಿಕೆ ಬರೆದುಕೊಳ್ಳಲು ಬರುವುದಿಲ್ಲ. ಅದನ್ನು ಠಾಣೆಯ ಹಳೆಯ ರೈಟರ್ ಹತ್ತಿರ ಕಲಿಯಬೇಕು.

5. ಹೋದವರ ವಿಳಾಸ ಇಟ್ಟುಕೊಳ್ಳಿ, ಅವರ ಪ್ರಯಾಣ ಭತ್ಯೆಗೂ ಬಜೆಟ್ ಇಡಿ. ನಿವೃತ್ತನಾದ ಮೇಲೂ ನನಗೆ ಸಮನ್ಸ್ ಬರುತ್ತದೆ. ಕೋರ್ಟಿನ ಮೊಗಸಾಲೆಯಲ್ಲಿ ಹೊಸ ತನಿಖಾಧಿಕಾರಿ ಕಡತ ತೆರೆದು ಕೊಡುತ್ತಾರೆ, ನಾನು ಕನ್ನಡಕ ಬದಲಿಸಿ ನನ್ನದೇ ಅಕ್ಷರವನ್ನು ಓದಲು ಹೆಣಗುತ್ತೇನೆ.